ಹಾಲಮ್ಮನ ಮುತ್ತಿನುಂಗುರಕ್ಕೆ ಮಂಕು ಕವಿದದ್ದು ಹೇಗೆ?

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಓದಿದ ಮೇಲೂ ಕಣ್ಣು ಒದ್ದೆಯಾಗದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ದಾವಣಗೆರೆಯಲ್ಲಿ ಹಾಲಮ್ಮ ಅಂತ ಒಬ್ಬ ಅತ್ತೆ. ಅವರು ಅಡುಗೆಮನೆಯಲ್ಲಿ ಕೆಮ್ಮಿದರೆ ಹರಿಹರದಲ್ಲಿ ರೈಲು ನಿಲ್ಲುತ್ತಿತ್ತು...

ಆ ಮನೆಯಲ್ಲೊಂದು ಮುತ್ತಿನ ಉಂಗುರ. ತಲೆತಲಾಂತರದಿಂದ ಹಿರಿಸೊಸೆಯ ಬೆರಳಿಗೇ ಬರುವಂಥದ್ದು.

ಅದರ ಹೊಳಪು ಎಂಥದ್ದೆಂದರೆ, ಕರೆಂಟು ಹೋದಾಗ ಅಕ್ಕಪಕ್ಕದವರು ತಟ್ಟೆ ಹಿಡಿದು ಬಂದು ಅದರ ಬೆಳಕಿನಲ್ಲೇ ಊಟ ಮುಗಿಸುತ್ತಿದ್ದರು.

ಉಂಗುರದ ಜೊತೆ ಒಂದು ಕಟ್ಟಳೆಯೂ ಬರುತ್ತಿತ್ತು... ಒಮ್ಮೆ ಬೆರಳಿಗೆ ಹಾಕಿದರೆ ತೆಗೆಯುವಂತಿಲ್ಲ. ಮುತ್ತು ಸದಾ ಮೈಗೆ ತಾಗಿಕೊಂಡೇ ಇರಬೇಕು, ಪೆಟ್ಟಿಗೆ ಸೇರಿದರೆ ಕಳೆಗುಂದುತ್ತದೆ ಎಂದು ಹಾಲಮ್ಮನ ಅತ್ತೆ ಹೇಳಿದ್ದರಂತೆ.

ಮಗಳು ಚಂದ್ರಕಲಾಳ ಕೂಸಿನ ನಾಮಕರಣ ಹತ್ತಿರ ಬಂದಿತ್ತು. ಆಗ ಹಾಲಮ್ಮನ ಕಣ್ಣು ಹಿರಿಸೊಸೆ ಅನುಸೂಯಳ ಬೆರಳಿನ ಮೇಲೆ ಬಿತ್ತು...

ಮುತ್ತು ನೆನೆಸಿಟ್ಟ ಸಾಬೂದಾನಿಯ ಹಾಗಿತ್ತು.

ಹಾಲಮ್ಮ ಮಗಳನ್ನೂ ಸೊಸೆಯನ್ನೂ ಆಟೋದಲ್ಲಿ ತುಂಬಿಕೊಂಡು ರಾಯ್ಕರರ ಒಡವೆ ಅಂಗಡಿಗೆ ಹೊರಟರು.

"ಒಡವೆ ನೋಡ್ಕೊಳ್ಳೋಕೆ ಬರದೋಳಿಗೆ ಉಂಗುರ ಯಾಕೆ? ಇವತ್ತೇ ಇವಳ ಬೆರಳಿಂದ ತೆಗೆಸಿ ನಿನ್ನ ಬೆರಳಿಗೆ ಹಾಕಿಸ್ತೀನಿ" ಎಂದು ದಾರಿಯುದ್ದಕ್ಕೂ ಮಗಳಿಗೆ ಹೇಳಿದರು. ಆಟೋದವನೂ ಹೂಂಗುಟ್ಟಿದ.

ಆ ಉಂಗುರ ಕೈಬಿಟ್ಟರೆ, ನಾಲ್ಕು ಜನರೆದುರು ಹಿರಿಸೊಸೆ ಎಂಬ ಮರ್ಯಾದೆಯೂ ಅನುಸೂಯಳ ಕೈಬಿಟ್ಟಂತೆಯೇ...

ರಾಯ್ಕರರು ಅವಳ ಬೆರಳಿನ ಮೇಲೆ ಭೂತಗನ್ನಡಿ ಹಿಡಿದು ನೋಡಿದರು.

"ಚಿನ್ನಕ್ಕೆ ಏನೂ ಆಗಿಲ್ಲಮ್ಮ. ಮುತ್ತಿನ ಮೇಲ್ಪದರ ಹೋಗಿದೆ. ದಿನಾ ಸ್ಯಾನಿಟೈಸರ್ ಏನಾದ್ರೂ ಹಚ್ತಿದ್ರಾ? ಚಿನ್ನ ತಡ್ಕೊಳ್ಳುತ್ತೆ, ಮುತ್ತು ತಡ್ಕೊಳ್ಳಲ್ಲ."

"ನೋಡಿದ್ಯಾ ಅವ್ವ, ಅತ್ತರು ಪೂಸ್ಕೊಂಡಂಗೆ ಪೂಸ್ಕೊಂಡಾಳೆ" ಎಂದಳು ಚಂದ್ರಕಲಾ.

ಹಾಲಮ್ಮ ಸೊಸೆಯ ಕಡೆ ತಿರುಗಿದರು. "ಏನವ್ವ, ಯಾವ ಮಹಾರಾಜನ ಕೈ ಕುಲುಕೋಕೆ ಹೋಗ್ತಿದ್ದೆ, ಅಷ್ಟೊಂದು ಕೈ ತಿಕ್ಕೊಳ್ಳೋಕೆ?"

ಅನುಸೂಯ ತಲೆ ತಗ್ಗಿಸಲಿಲ್ಲ.

"ನಿಮ್ಮ ಬೆನ್ನಿನ ಗಾಯ ಮುಟ್ಟೋಕೆ, ಅತ್ತೆ."

ಅಂಗಡಿಯ ಫ್ಯಾನ್ ಕೂಡ ತಿರುಗುವುದನ್ನು ಮರೆಯಿತು...

ಹೋದ ವರ್ಷ ಹಾಲಮ್ಮನ ಬೆನ್ನಿಗೆ ಆಪರೇಷನ್ ಆಗಿತ್ತು. ಶುಗರ್ ಬೇರೆ. ಇನ್‌ಫೆಕ್ಷನ್ ಆದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು.

ತಿಂಗಳುಗಟ್ಟಲೆ ಬೋರಲು ಮಲಗಿದ್ದ ಹಾಲಮ್ಮನಿಗೆ, ಡ್ರೆಸ್ಸಿಂಗ್ ಮಾಡುವ ಕೈ ಕಾಣುತ್ತಿರಲಿಲ್ಲ. ತಣ್ಣಗೆ ತಾಗುತ್ತಿತ್ತು, ಅಷ್ಟೇ. "ಫ್ರಿಜ್ಜಲ್ಲಿ ಕೈ ಇಟ್ಕೊಂಡು ಬರ್ತೀಯಾ?" ಎಂದು ಅದಕ್ಕೂ ಬೈದಿದ್ದರು...

"ಉಂಗುರ ತೆಗೀಬಾರದು ಅಂದೋರು ನೀವು. ಸ್ಯಾನಿಟೈಸರ್ ಹಚ್ಕೊಳ್ದೆ ಗಾಯ ಮುಟ್ಟಬೇಡಿ ಅಂದೋರು ಡಾಕ್ಟ್ರು. ಇಬ್ಬರ ಮಾತನ್ನೂ ಕೇಳಿದೆ. ಮುತ್ತು ಮಂಕಾಗೋದು ನಂಗೂ ಕಾಣ್ತಿತ್ತು... ಆದ್ರೂ ಹಚ್ಕೊಂಡೆ. ತಪ್ಪಾಯ್ತು ಅಂತ ಮಾತ್ರ ನಾನು ಹೇಳಲ್ಲ. ತಗೊಳ್ಳಿ."

ಮದುವೆಯಾದಾಗಿನಿಂದ ತೆಗೆಯದ ಉಂಗುರವನ್ನು ಅವಳೇ ಎಳೆದು ತೆಗೆದು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟಳು.

ಹಾಲಮ್ಮ ಅತ್ತರು... ಆ ಕಣ್ಣೀರನ್ನು ಭದ್ರಾ ನಾಲೆಗೆ ಬಿಟ್ಟಿದ್ದರೆ ಒಂದು ಬೆಳೆ ಭತ್ತ ಬರುತ್ತಿತ್ತು.

ರಾಯ್ಕರರಿಗೆ ಕಸಿವಿಸಿಯಾಯಿತು. "ಅಳಬೇಡಿ ಅಮ್ಮ. ಹೊಸ ಮುತ್ತು ಕೂರಿಸಿ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ."

ಹಾಲಮ್ಮ ಥಟ್ಟನೆ ಸೆರಗಿನಲ್ಲಿ ಮೂಗೊರೆಸಿಕೊಂಡರು.

"ಅದನ್ನ ಮುಟ್ಟಿ ನೋಡು, ನಿನ್ನ ಅಂಗಡಿ ಬಾಗಿಲು ಹಾಕಿಸ್ತೀನಿ. ಯಾರಿಗೂ ಗೊತ್ತಾಗಬಾರದು ಅಂದೋರು ಯಾರು? ಎಲ್ಲರಿಗೂ ಗೊತ್ತಾಗ್ಲಿ."

ಅವರೇ ಸೊಸೆಯ ಕೈ ಹಿಡಿದು ಉಂಗುರ ತೊಡಿಸಿದರು.

"ಇನ್ಮೇಲೆ ಕೈಗೆ ಸ್ಯಾನಿಟೈಸರ್ ಹಚ್ಕೊಳ್ಳುವಾಗ ಇದನ್ನ ತೆಗೆದಿಡವ್ವ. ಕಟ್ಟಳೆ ಮುರಿದೋಳು ನಾನು. ನಮ್ಮತ್ತೆಗೆ ಏನು ಹೇಳ್ಬೇಕೋ, ಮೇಲೆ ಹೋದಾಗ ನಾನೇ ಹೇಳ್ಕೋತೀನಿ."

"ಅವ್ವ, ನಾಮಕರಣಕ್ಕೆ ಬಂದೋರು ನೋಡಿ ನಗ್ತಾರೆ" ಎಂದು ಚಂದ್ರಕಲಾ ಗೊಣಗಿದಳು.

"ನಗಲಿ. ಮೊದಲು ನನ್ನ ಬೆನ್ನು ತೋರಿಸ್ತೀನಿ, ಆಮೇಲೆ ಇವಳ ಉಂಗುರ ತೋರಿಸ್ತೀನಿ. ಆಮೇಲೂ ಯಾರಾದ್ರೂ ನಕ್ಕರೆ, ಊಟಕ್ಕೆ ಎಲೆ ಹಾಕಲ್ಲ."

ನಾಮಕರಣದ ದಿನ ಆ ಮನೆಯಿಂದ ಒಬ್ಬರೂ ಹಸಿದು ಹೋಗಲಿಲ್ಲ...


*ಒಂದು ಜೀವ ಕಾಯಲು ಮಂಕಾದ ಒಡವೆಯನ್ನು ಮುಚ್ಚಿಡಬೇಡಿ, ತಲೆಯೆತ್ತಿ ತೊಟ್ಟುಕೊಳ್ಳಿ.*

ನೀವು ಹಾಸಿಗೆ ಹಿಡಿದಿದ್ದಾಗ ನಿಮ್ಮನ್ನು ನೋಡಿಕೊಂಡ ಆ ಕೈಯನ್ನು, ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ?