ನೆಲ್ಲಿಮರದ ಕೆಳಗಿನ ಊಟ

ನನ್ನ ಬಸುರಿ ಮೊಮ್ಮಗಳಿಗೆ ಡಾಕ್ಟರು "ಫ್ರೆಶ್ ಏರ್ ಬೇಕು, ಹೊರಗೆ ಓಡಾಡಿ, ಎಂಜಾಯ್ ಮಾಡಿ" ಎಂದರಂತೆ. ಅವಳು ತಿಪಟೂರಿನಿಂದ ತಂದ ನೆಲ್ಲಿಕಾಯಿಯ ವಾಸನೆಗೆ ಹಂದನಕೆರೆಯ ನಮ್ಮ ಚಿಕ್ಕಮ್ಮನ ಪಾಡು ನೆನಪಾಗಿ ಈಗಲೂ ನನಗೆ ಮೈ ಉರಿಯುತ್ತದೆ.

ಬಾಲ್ಯದಲ್ಲೊಮ್ಮೆ ಕಾನ್ವೆಂಟಿಗೆ ರಜೆ ಎಂದು ಊರಿಗೆ ಬಂದಿದ್ದೆ. ಅಂದು ಕಾರ್ತಿಕದ ಹಿತವಾದ ಬಿಸಿಲಲ್ಲಿ, ತೋಟದ ನೆಲ್ಲಿಮರದ ಕೆಳಗೆ ಮನೆಮಂದಿಯ ಊಟ. ಆರು ತಿಂಗಳ ಬಸುರಿ ಚಿಕ್ಕಮ್ಮ ಬೆಳಗಿನಿಂದ ಒಬ್ಬಳೇ ಹೋಳಿಗೆ ತಟ್ಟಿ, ಹುಳಿಯನ್ನ ಕಲಸಿ, ಸೇವಂತಿಗೆ ಮುಡಿದು ಗಾಡಿಯ ಬಳಿ ಬಂದರೆ ಅಜ್ಜಿ ತಡೆದಳು.

"ನೀನೆಲ್ಲಿಗೆ ಹೊರಟ್ಯೇ? ಬಸುರಿ ಹೆಂಗ್ಸು ಮರದಡಿ ಕುಂತ್ರೆ ಗಾಳಿ ಸೋಕ್ತದೆ. ಮನೇಲಿರು. ಆಮೇಲೆ ತೋಟದ ಬಾವಿಯಿಂದ ಒಂದು ಕೊಡ ನೀರು ತಂದಿಡು."

ವಾಟ್ ಎ ರೂಲ್! ಊಟಕ್ಕೆ ಹೋದರೆ ಸೋಕುವ ಗಾಳಿ ನೀರಿಗೆ ಹೋದರೆ ಸೋಕುವುದಿಲ್ಲ. ಚಿಕ್ಕಪ್ಪನೋ, ಎತ್ತಿನ ಕೊರಳ ಗಂಟೆ ಸರಿಮಾಡುತ್ತ ನಿಂತಿದ್ದ.

ತೋಟದಲ್ಲಿ ನಾವು ಎಲೆ ಹಾಕಿಕೊಂಡು ಕೂತಾಗ, ಸೊಂಟದ ಮೇಲೆ ಖಾಲಿ ತಾಮ್ರದ ಕೊಡ ಇಟ್ಟುಕೊಂಡು ತೆಂಗಿನ ಸಾಲಿನ ನಡುವೆ ಚಿಕ್ಕಮ್ಮ ನಡೆದು ಬಂದಳು. ಕೊಡ ಇಳಿಸಿ, ನನ್ನ ಪಕ್ಕ ಕೂತು, ಒಂದು ಎಲೆ ಎಳೆದುಕೊಂಡಳು.

"ನೀರಿಗೆ ಬಂದೆ ಅತ್ತೆ. ಹಂಗೇ ಬಡಿಸಿ."

"ಗಾಳಿ ಸೋಕ್ತದೆ ಅಂದ್ನಲ್ಲೇ."

"ಸೋಕ್ಲಿ ಬುಡಿ. ದಿನಾ ಬಾವಿ ತಾವ ಸೋಕೋ ಗಾಳಿನೇ ಅಲ್ವಾ ಇದು."

ಅಜ್ಜಿ ಬಡಿಸಿದಳು. ಚಿಕ್ಕಮ್ಮ ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಳು, ನೆಲ್ಲಿಕಾಯಿ ಕಚ್ಚಿ ಹುಳಿಗೆ ಕಣ್ಣು ಮುಚ್ಚಿ ನಕ್ಕಳು.

ಸಂಜೆ ನಾವೆಲ್ಲ ಗಾಡಿ ಹತ್ತಿದೆವು. ಚಿಕ್ಕಮ್ಮ ತುಂಬಿದ ಕೊಡ ಹೊತ್ತು ಹಿಂದೆ ನಡೆದು ಬಂದಳು.

ಗಾಡಿಯಲ್ಲಿ ಜಾಗವಿತ್ತು.