ಗಂಧದ ಹಾರದ ಮಾಲೀಕ

ಪರದೆಯ ಮೇಲಿನ ಮ್ಯಾಪಿನಲ್ಲಿ ಹನಕೆರೆಯ ಪಕ್ಕದ ಕೆಂಪು ಪಿನ್ನನ್ನು ಅರ್ಪಿತ ಒತ್ತಿದ್ದೇ ತಡ, ಗಂಧದ ಹಾರ ಹಾಕಿಕೊಂಡ ಕೆಂಪಯ್ಯ ಪ್ರತ್ಯಕ್ಷನಾದ. ಪಟದ ಗಾಜಿನ ಮೇಲೆ ಕುಂಕುಮದ ಬೊಟ್ಟು, ಚೌಕಟ್ಟಿಗೆ ಊದುಬತ್ತಿಯ ಮಸಿ ಬೇರೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಕೆಂಪಯ್ಯನ ಆಲೆಮನೆ. ಮಾಲೀಕರು: ಕೆಂಪಯ್ಯ. ಒಳ್ಳೆಯ ಬೆಲ್ಲಕ್ಕಾಗಿ ಕರೆ ಮಾಡಿ' ಅಂತಿತ್ತು. ಮದ್ದೂರಿನ ಸಭಾಂಗಣದಲ್ಲಿ ಸೇರಿದ್ದ ಬೆಲ್ಲ ತಯಾರಕರ ಸಂಘದವರು ಕತ್ತು ಚಾಚಿ ಓದಿದರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಸಭೆಗೆ ಸಭೆಯೇ ನಕ್ಕಿತು.

ನಗದೆ ಕೂತವಳು ಚಿಕ್ಕಬೋರಮ್ಮ. ಕೆಂಪಯ್ಯ ಅವಳ ಗಂಡ. ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಕಬ್ಬು ಅರೆಸುವುದು, ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವುದು, ಆಳುಗಳನ್ನು ಬೈದು ಊಟಕ್ಕಿಕ್ಕುವುದು ಎಲ್ಲ ಅವಳದೇ. ಅಷ್ಟು ದೊಡ್ಡದಾಗಿ ಗಂಡನ ಮುಖ ಕಂಡು ಕೈ ಮುಗಿಯಹೋದಳು. ಅದರ ಕೆಳಗಿನ ಫೋನ್ ನಂಬರು ಕಂಡದ್ದೇ ಸಿಟ್ಟು ನೆತ್ತಿಗೇರಿತು. ಅದು ಮೈದುನ ರಾಜೇಂದ್ರನ ನಂಬರು. ಅವನದೂ ಪಕ್ಕದಲ್ಲೇ ಒಂದು ಆಲೆಮನೆ ಇದೆ. ಹೊರಗಿನವರು ಸಂಘದ ವೆಬ್‌ಸೈಟಿನಲ್ಲಿ ಈ ಮ್ಯಾಪು ನೋಡಿ ಫೋನ್ ಮಾಡಿದರೆ ಬೆಲ್ಲ ಯಾರ ಆಲೆಮನೆಯಿಂದ ಹೋಗುತ್ತದೆ ಅಂತ ಹಸುಗೂಸಿಗೂ ಗೊತ್ತು.

"ಯಾರವ್ವ ಇದ ಬರ್ದೋರು?" ಅಂತ ಎದ್ದು ನಿಂತಳು.

ಮ್ಯಾಪು ಮಾಡಿದ ಅರ್ಪಿತಳ ಮುಖ ಸಪ್ಪಗಾಯಿತು. "ನಾನೇಮ್ಮ. ಊರಲ್ಲಿ ಯಾರನ್ನ ಕೇಳಿದ್ರೂ ಕೆಂಪಯ್ಯನ ಆಲೆಮನೆ ಅಂದ್ರು, ಅದನ್ನೇ ಹಾಕಿದೆ. ಫೋಟೋ, ನಂಬರು ನಿಮ್ಮ ಮೈದುನ ಕಳ್ಸಿದ್ದು."

ಹುಡುಗಿಯನ್ನು ಬೈದು ಏನು ಫಲ? ನಮ್ಮ ಕಡೆ ನಡೆದು ಬಂದಿರುವುದೇ ಹಾಗಲ್ಲವೆ! ಗಂಡಸು ಸತ್ತರೂ ಮನೆ ಅವನದು, ಗದ್ದೆ ಅವನದು, ಕೊಟ್ಟಿಗೆಯ ಎಮ್ಮೆಯೂ ಅವನದೇ. ಹೆಂಡತಿ ಇನ್ನೂ ಬದುಕಿದ್ದಾಳೆ ಅನ್ನುವುದು ಯಾರ ನೆನಪಿಗೂ ಬರುವುದಿಲ್ಲ.

ಮುಂದಿನ ಸಾಲಿನಲ್ಲಿದ್ದ ರಾಜೇಂದ್ರ ದನಿಗೆ ಬೆಣ್ಣೆ ಸವರಿಕೊಂಡ. "ಕೂತ್ಕೊ ಅತ್ಗೆ. ಅಣ್ಣನ ಎಸ್ರು ಉಳೀಲಿ ಅಂತ ಮಾಡಿದ್ದು ಕಣತ್ಗೆ. ತುಂಬಿದ ಸಭೇಲಿ ಅದ ಅಳಿಸ್ತೀಯಾ? ಅಣ್ಣ ಇದ್ದಿದ್ರೆ ನೀನು ಇಂಗೆ ಮಾತಾಡ್ತಿದ್ಯಾ?"

"ನಿಮ್ಮಣ್ಣ ಇದ್ದಿದ್ರೆ ಅವ್ರ ಪಟದ ಕೆಳ್ಗೆ ನಿನ್ ನಂಬರು ಹಾಕೋ ಧೈರ್ಯ ನಿಂಗೆಲ್ಲಿಂದ ಬತ್ತಿತ್ಲಾ?"

ಅಧ್ಯಕ್ಷ ಪ್ರಸನ್ನ ಗಡಬಡಿಸಿ ಎದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ. "ಇದು ಮನೆ ಇಚಾರ ಕಣಮ್ಮ, ನೀವಿಬ್ರೂ ಕೂತು ತೀರ್ಮಾನ ಮಾಡ್ಕಳಿ. ಅಲ್ಲೀಗಂಟ ಆ ಪಿನ್ನು ತೆಗೆದ್ಬುಡು ಅರ್ಪಿತ."

ಆಹಾ, ನ್ಯಾಯ ಅಂದರೆ ಇದು! ಪಿನ್ನು ಹೋದರೆ ಈ ವರ್ಷದ ಬೆಲ್ಲವನ್ನೆಲ್ಲ ಮತ್ತೆ ಮಂಡಿಯವನು ಬಾಯಿಗೆ ಬಂದಂತೆ ಹೇಳಿದ ದರಕ್ಕೇ ಸುರಿಯಬೇಕು. ಮ್ಯಾಪಿನಲ್ಲಿ ಇಲ್ಲದ ಆಲೆಮನೆ ಹೊರಗಿನವರ ಪಾಲಿಗೆ ಇಲ್ಲವೇ ಇಲ್ಲ. ಚಿಕ್ಕಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದಳು. ಬಿಳೀ ಟವೆಲು ಹೊದಿಸಿದ್ದ ಅಧ್ಯಕ್ಷರ ಕುರ್ಚಿ ಖಾಲಿಯಿತ್ತು. ಅದರಲ್ಲಿ ಗಟ್ಟಿಯಾಗಿ ಕೂತುಬಿಟ್ಟಳು.

"ಇದೇನಮ್ಮ ಇದು!" ಅಂದ ಪ್ರಸನ್ನ.

"ನನ್ ಎಸ್ರು ಬರೋಗಂಟ ನಾ ಏಳಾಕಿಲ್ಲ. ನೀವು ಬೇಕಾದ್ರೆ ನಿಂತ್ಕಂಡೇ ಸಭೆ ಮಾಡಿ."

ಹೊರಗೆ ಬಾಡೂಟಕ್ಕೆ ಎಲೆ ಹಾಕಿ ಆಗಿತ್ತು. ಅಧ್ಯಕ್ಷರು ಸಭೆ ಮುಗಿಯಿತು ಅನ್ನದೆ ಯಾರೂ ಊಟಕ್ಕೆ ಏಳಬಾರದು ಅನ್ನುವುದು ಸಂಘದ ಕಟ್ಟಳೆ. ಕುರ್ಚಿ ಕಳಕೊಂಡ ಅಧ್ಯಕ್ಷ ಏನನ್ನು ಮುಗಿಸಿಯಾನು? ಮಸಾಲೆಯ ಘಮ ಕಿಟಕಿಯಲ್ಲಿ ಬಂದು ಬಂದು ಜನರ ಮೂಗು ಜಗ್ಗತೊಡಗಿತು. ಕೊನೆಗೆ ಮಳವಳ್ಳಿ ಕಡೆಯ ಯತೀಶನಿಗೆ ತಡೆಯಲಾಗಲಿಲ್ಲ.

"ಹಾಕ್ಬುಡಮ್ಮ ಅತ್ಲಾಗೆ, ಮುದ್ದೆ ಆರೋಯ್ತದೆ!"

"ಬೆಲ್ಲ ಕಾಯ್ಸೋಳು ಅವ್ಳೇ ತಾನೆ, ಅವ್ಳ್ ಎಸ್ರೇ ಹಾಕಿ!" ಅಂತ ಇನ್ನೊಬ್ಬ ಕೂಗಿದ. ನ್ಯಾಯಕ್ಕೋ ಬಾಡಿಗೋ ದೇವರೇ ಬಲ್ಲ, ಸಭೆಯೆಲ್ಲ ಅವಳ ಕಡೆ ವಾಲಿತು. ಪ್ರಸನ್ನ ಸೋತು ಕೈಸನ್ನೆ ಮಾಡಿದ.

ಅರ್ಪಿತ ಹಳೆಯ ಹೆಸರು ಅಳಿಸಿ ಹೊಸದು ಬರೆದಳು, ನಂಬರು ಕೇಳಿ ಹಾಕಿದಳು. ಫೋಟೋ ತೆಗೆಯಲು ಗೋಡೆಯ ಹತ್ತಿರ ನಿಲ್ಲಿ ಅಂದರೆ, "ಇಲ್ಲೇ ತಗಿ" ಅಂದಳು ಚಿಕ್ಕಬೋರಮ್ಮ, ಕುರ್ಚಿ ಬಿಡದೆ.

"ಅಮ್ಮ, ಕೆಳಗೆ ಚಿಕ್ಕದಾಗಿ 'ಕೆಂಪಯ್ಯನವರ ಧರ್ಮಪತ್ನಿ' ಅಂತ ಹಾಕ್ಲಾ?"

ಪರದೆಯ ಮೇಲೆ ಕೆಂಪಯ್ಯ ಇನ್ನೂ ಇದ್ದ. ಅವಳು ಒಮ್ಮೆ ಅತ್ತ ತಿರುಗಿ ನೋಡಿದಳು. "ಬ್ಯಾಡ ಕಣವ್ವ. ಅವ್ರು ನನ್ ಒಳ್ಗೇ ಅವ್ರೆ. ಬೆಲ್ಲ ಕೇಳೋರ್ಗೆ ನಾನಿದ್ರೆ ಸಾಕು."

ಎಲ್ಲ ಸರಿಯಿದೆಯೋ ನೋಡೋಣವೆಂದು ಅರ್ಪಿತ ತನ್ನ ಮೊಬೈಲಿನಲ್ಲಿ ಮ್ಯಾಪು ತೆರೆದು, ಅದೇ ಪಿನ್ನು ಒತ್ತಿ ಕರೆ ಮಾಡಿದಳು. ಚಿಕ್ಕಬೋರಮ್ಮನ ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು. ಮಾಡುತ್ತಿರುವವಳು ಮಗ್ಗುಲಲ್ಲೇ ನಿಂತಿದ್ದಾಳೆ ಅಂತ ಗೊತ್ತಿದ್ದೂ ನಿಧಾನವಾಗಿ ಅದನ್ನು ತೆಗೆದು ಕಿವಿಗಿಟ್ಟುಕೊಂಡಳು. ಕಣ್ಣು ಮಾತ್ರ ರಾಜೇಂದ್ರನ ಮೇಲೆ.

"ಅಲೋ, ಚಿಕ್ಕಬೋರಮ್ಮನ ಆಲೆಮನೆ. ಯೋಳಿ, ಯಾರ್ ಬೇಕಿತ್ತು?"