ಕಾಲೇಜಿನ ಮುಂದೆ ನಿಲ್ಲುತ್ತಿದ್ದ ಕೂಗು

ಹಳೆ ಬಟ್ಟೆ ಎಂದರೆ ಮೂಗು ಮುರಿಯುವವರು ಇದನ್ನು ಒಂದು ಸಲ ಓದಲೇಬೇಕು...

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಳು. ಹದಿನಾರು ವರ್ಷ. ಆಗಷ್ಟೇ ಪಿಯುಸಿಗೆ ಸೇರಿದ್ದಳು.

ತಾಯಿ ದುರ್ಗವ್ವ ಸ್ಟೀಲ್ ಪಾತ್ರೆಗಳ ಬುಟ್ಟಿ ತಲೆಯ ಮೇಲೆ ಹೊತ್ತು ಊರೆಲ್ಲ ತಿರುಗುವವಳು. ಜನ ಹಳೆ ಬಟ್ಟೆ ಕೊಡುತ್ತಾರೆ, ಇವಳು ಬದಲಿಗೆ ಪಾತ್ರೆ ಕೊಡುತ್ತಾಳೆ.

"ಹಳೇ ಅರಬಿ ಕೊಡ್ರೀ... ಹೊಸಾ ಭಾಂಡೆ ತಗೋರೀ..."

ಆ ಕೂಗು ಆಚೆ ಓಣಿಗೂ ಕೇಳಿಸುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು ಆ ಗಂಟಲೇ...

ಒಂದು ಭಾನುವಾರ ಬಟ್ಟೆಯ ಗಂಟು ಬಿಚ್ಚಿ ವಿಂಗಡಿಸುವಾಗ ಭಾಗ್ಯಾಳ ಕೈಗೆ ಒಂದು ಹಸಿರು ಫ್ರಾಕ್ ಸಿಕ್ಕಿತು. ಗುಂಡಿ ಕಿತ್ತುಹೋಗಿತ್ತು, ಅಷ್ಟೇ.

"ಯವ್ವಾ, ಇದನ್ನೂ ಚಿಂದಿ ಜೋಡಿ ತೂಕಕ್ಕ ಹಾಕ್ತಿಯೇನ? ಹೊಸಾದ್ರಂಗ ಐತಿ ನೋಡ!"

ಒಗೆದಳು... ಗುಂಡಿ ಹಚ್ಚಿದಳು... ಇಸ್ತ್ರಿ ಮಾಡಿ, ಬಾಗಿಲಿಗೆ ನೇತುಹಾಕಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಆನ್‌ಲೈನಿನಲ್ಲಿ ಒಂದು ಪೇಜ್ ತೆರೆದೇಬಿಟ್ಟಳು. ಹೆಸರು ಏನು ಗೊತ್ತಾ? "ರಾಯಲ್ ಕಲೆಕ್ಷನ್"!

ಬಳಸಿದ ಬಟ್ಟೆ ಎಂದು ಪ್ರಾಮಾಣಿಕವಾಗಿಯೇ ಬರೆದಳು. ಎಲ್ಲಿಂದ ಬಂತು ಎಂದು ಮಾತ್ರ ಬರೆಯಲಿಲ್ಲ.

ಧಾರವಾಡದ ಹುಡುಗಿಯೊಬ್ಬಳು ಆ ಫ್ರಾಕ್ ತರಿಸಿಕೊಂಡು, ಹಾಕಿಕೊಂಡು ಫೋಟೋ ಕಳಿಸಿದಾಗ ತಾಯಿ-ಮಗಳಿಬ್ಬರೂ ಹಿಗ್ಗಿಹೋದರು. ದಿನ ಕಳೆದಂತೆ ಕ್ಲಾಸಿನವರೂ ಪೇಜ್ ಫಾಲೋ ಮಾಡಿದರು. "ಬಿಸಿನೆಸ್ ಮಾಡ್ತಾಳ್ರಿ ನಮ್ಮ ಭಾಗ್ಯಾ" ಎಂದು ಹೊಗಳಿದ್ದೇ ಹೊಗಳಿದ್ದು...

ಅವಳು ಒಂದು ನೀಲಿ ಕುರ್ತಾದ ಫೋಟೋ ಹಾಕುವವರೆಗೆ.

ಮರುದಿನ ಊಟದ ಬಿಡುವಿನಲ್ಲಿ ನಮ್ರತಾ ಎಂಬ ಸಹಪಾಠಿ ಎದ್ದು ನಿಂತಳು. ನಮ್ರತೆ ಹೆಸರಿನಲ್ಲಷ್ಟೇ ಇತ್ತು.

"ಏ, ಈ ಕುರ್ತಾ ನಂದು! ನಮ್ಮ ಮಮ್ಮಿ ಭಾಂಡೆ ಮಾರಾಕಿಗೆ ಕೊಟ್ಟಿದ್ಲು. ಅಂದ್ರ... ಆಕಿ ನಿಮ್ಮವ್ವ ಏನ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಯಾರೋ ಟಿಫಿನ್ ಡಬ್ಬಿಯ ಮೇಲೆ ಚಮಚದಿಂದ ಬಾರಿಸಿದರು. "ಭಾಂಡೆ ಭಾಗ್ಯಾ! ಭಾಂಡೆ ಭಾಗ್ಯಾ!"

ಭಾಗ್ಯಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಪೇಜೇ ಬೇಡ, ಇವತ್ತೇ ಅಳಿಸಿಹಾಕುತ್ತೇನೆ ಎಂದು ಮೊಬೈಲ್ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಅಷ್ಟರಲ್ಲಿ ದೂರದಿಂದ ಗುರುತಿನ ದನಿ...

"ಹಳೇ ಅರಬಿ ಕೊಡ್ರೀ... ಹೊಸಾ ಭಾಂಡೆ..."

ಕಾಲೇಜಿನ ಕಾಂಪೌಂಡ್ ಗೋಡೆ ಶುರುವಾಗುವಲ್ಲಿ ಆ ದನಿ ಕತ್ತರಿಸಿದಂತೆ ನಿಂತಿತು.

ಭಾಗ್ಯಾ ಬಗ್ಗಿ ನೋಡಿದಳು. ಅವ್ವ ತಲೆ ತಗ್ಗಿಸಿ ಸರಸರನೆ ನಡೆಯುತ್ತಿದ್ದಳು. ಪಾತ್ರೆಗಳ ಸದ್ದು ಕೂಡ ಆಗಬಾರದೆಂದು ಬುಟ್ಟಿಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದಳು...

ಮಗಳಿಗೆ ಎಲ್ಲವೂ ಅರ್ಥವಾಯಿತು. ಎದೆ ಒಡೆದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ನಕ್ಕವರ ಮೇಲೆ, ತನ್ನ ಆ "ರಾಯಲ್" ಹೆಸರಿನ ಮೇಲೆ!

ಮೆಟ್ಟಿಲು ಇಳಿದು ಗೇಟು ದಾಟಿ ಓಡಿದಳು.

"ಯವ್ವಾ! ಇಲ್ಲಿ ಬಂದಕೂಡ್ಲೆ ಯಾಕ ಸುಮ್ಮಾದಿ?"

ದುರ್ಗವ್ವ ಗಾಬರಿಯಾದಳು. "ಒಳಗ ಹೋಗ ಮಗಳ... ನಿನ್ನ ಗೆಳತ್ಯಾರು ನೋಡ್ತಾರ. ನನ್ನಿಂದ ನಿನ್ನ ತಲಿ ತಗ್ಗಬಾರದಲ್ಲ..."

ಭಾಗ್ಯಾ ಅವ್ವನ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ತನ್ನ ತಲೆಯ ಮೇಲಿಟ್ಟುಕೊಂಡಳು. ಕ್ಲಾಸಿನ ಕಿಟಕಿಗಳತ್ತ ಮುಖ ಮಾಡಿ ನಿಂತು ಗಂಟಲು ಬಿಚ್ಚಿದಳು.

"ಹಳೇ ಅರಬಿ ಕೊಡ್ರೀ... ಹೊಸಾ ಭಾಂಡೆ ತಗೋರೀ..."

"ಸುಮ್ನಿರ ಖೋಡಿ! ಎಲ್ಲಾರೂ ನೋಡಾಕತ್ತಾರ!"

"ನೋಡ್ಲಿ ಯವ್ವಾ. ನೋಡ್ಲಿ ಅಂತನ ಒದರಾಕತ್ತೀನಿ."

ದುರ್ಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು... ಕಿಟಕಿಗಳಲ್ಲಿ ನಿಂತವರು ಯಾರೂ ನಗಲಿಲ್ಲ.

ಅಂದು ಸಂಜೆ ಪೇಜಿನ ಹೆಸರು ಬದಲಾಯಿತು. "ದುರ್ಗವ್ವನ ಅರಬಿ ಅಂಗಡಿ." ಮೇಲೆ ಬುಟ್ಟಿ ಹೊತ್ತ ಅವ್ವನ ಫೋಟೋ. ಕೆಳಗೆ ಒಂದೇ ಸಾಲು: "ನೀವು ಬ್ಯಾಡಂತ ಕೊಟ್ಟದ್ದನ್ನ ನಾವು ಚೆಂದ ಮಾಡೀವಿ. ಬೇಕಂದ್ರ ತಗೋರಿ."

ಕೆಲವರು ಪೇಜ್ ಬಿಟ್ಟುಹೋದರು. ಹೋಗಲಿ ಬಿಡಿ, ಅಂಥವರಿಂದ ಆಗಬೇಕಾದದ್ದೇನು?

ಮರುದಿನ ಭಾಗ್ಯಾ ಕಾಲೇಜಿಗೆ ಬಂದದ್ದು ಅದೇ ನೀಲಿ ಕುರ್ತಾ ತೊಟ್ಟು! ನೇರವಾಗಿ ನಮ್ರತಾಳ ಮುಂದೆ ಹೋಗಿ ನಿಂತಳು.

"ಹೌದು, ನಿಂದ. ನನಗ ಚಲೋ ಒಪ್ಪೈತಿ, ಹೌದಿಲ್ಲ?"

ನಮ್ರತಾ ತಲೆ ತಗ್ಗಿಸಿದಳು.

ಮಧ್ಯಾಹ್ನ ಲೆಕ್ಚರರ್ ಪಾಠ ಮಾಡುತ್ತಿದ್ದಾಗ ದೂರದಿಂದ ಆ ಕೂಗು ಕೇಳಿಸಿತು. ಹತ್ತಿರ ಬಂತು. ಭಾಗ್ಯಾ ಪೆನ್ನು ಕೆಳಗಿಟ್ಟು ಕಿವಿಗೊಟ್ಟಳು. ಗೋಡೆ ಶುರುವಾಗುವ ಜಾಗ ಬಂತು...

ಕೂಗು ನಿಲ್ಲಲಿಲ್ಲ.

ಪಾತ್ರೆಗಳ ಸದ್ದಿನೊಂದಿಗೆ, ಇನ್ನೂ ಗಟ್ಟಿಯಾಗಿ, ಅವಳ ಕಿಟಕಿಯ ಕೆಳಗೇ ಹಾದುಹೋಯಿತು.

ಭಾಗ್ಯಾ ಕಣ್ಣು ಒರೆಸಿಕೊಳ್ಳಲೂ ಇಲ್ಲ... ತಲೆ ಎತ್ತಿಯೇ ಕುಳಿತಿದ್ದಳು.

ನಾಚಿಕೆಪಡಬೇಕಾದವರು ದುಡಿದು ತಿನ್ನುವವರಲ್ಲ, ಅವರನ್ನು ನೋಡಿ ನಗುವವರು.

ನಿಮ್ಮ ಮನೆಯಲ್ಲೂ ಯಾರಾದರೂ ನಿಮ್ಮ ಮರ್ಯಾದೆಗಾಗಿ ತಮ್ಮ ದನಿ ಅಡಗಿಸಿಕೊಂಡು ನಡೆಯುತ್ತಿದ್ದಾರೆಯೇ... ಒಮ್ಮೆಯಾದರೂ ಕಿಟಕಿಯಿಂದ ಬಗ್ಗಿ ನೋಡಿದ್ದೀರಾ?